ಭಾಷಣ ಮಾಡದ ಮೈಕಿನ ಲಾಲಸಾಬ

ಜತ್ತ ತಾಲೂಕಿನ ನಮ್ಮ ಸಂಖದಲ್ಲಿ ಮೈಕು ಕೈಗೆ ಸಿಕ್ಕರೆ ಸಾಕು, ಬಿಡದೆ ಭಾಷಣ ಹೊಡೆಯುವವರಿಗೆ ಬರವಿಲ್ಲ. ಅಂಥ ಊರಿನಲ್ಲಿ ಮೈಕಿನ ಮಾಲಕನೇ ಜನ್ಮದಲ್ಲಿ ಒಂದು ಭಾಷಣ ಮಾಡಲಿಲ್ಲವೆಂದರೆ ಹೊರಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನಾಗಬೇಕು? ಲಾಲಸಾಬ ನನ್ನ ಗೆಳೆಯ. ಅವನ ಮೈಕಿನ ಅಂಗಡಿ ನನ್ನ ಕಿರಾಣಿ ಅಂಗಡಿಗೆ ಎದುರೇ ಇತ್ತು. ದಿನವಿಡೀ ಅವನ ಮುಖ ನೋಡಿಕೊಂಡೇ ನಾನು ಸಾಮಾನು ತೂಗಿದವನು.

ಮದುವೆಯಿರಲಿ, ಉರುಸಿರಲಿ, ಸಭೆಯಿರಲಿ, ಸಾಲೆಯ ಮುಂದಿನ ಬಯಲಿನಲ್ಲಿ ಬೇವಿನ ಗಿಡಕ್ಕೆ ದನಿ ಹೊರಡುವ ಭೋಂಗಾ ಕಟ್ಟುವವನು ಅವನೇ. ಕಟ್ಟಿದ ಮೇಲೆ ದನಿ ನೋಡಬೇಕಲ್ಲ? ಬೇರೆಯವರು "ಹಲೋ, ಒನ್ ಟೂ ಥ್ರೀ" ಅನ್ನುತ್ತಾರೆ. ಇವನು "ರಮೀಜನ ಅವ್ವಾ, ಕೇಳಸ್ತೈತೇನ?" ಅನ್ನುತ್ತಿದ್ದ. ಹೆಂಡತಿಯ ಹೆಸರನ್ನು ಊರ ಮುಂದೆ ಹೇಳಲು ನಾಚಿಕೆ, ಆದ್ದರಿಂದ ಮಗನ ಹೆಸರು ಹಿಡಿದು ಕರೆಯುತ್ತಿದ್ದ. ಅವನ ಮನೆ ಅಸಂಗಿಯ ದಾರಿಯ ದಿನ್ನೆಯ ಮೇಲಿತ್ತು. ಅಲ್ಲಿಗೆ ದನಿ ಮುಟ್ಟಿದರೆ ಬಯಲಿನ ಕೊನೆಯಲ್ಲಿ ಕುಳಿತವನಿಗೂ ಕೇಳುತ್ತದೆ ಎಂಬುದು ಅವನ ನಂಬಿಕೆ. ಹೆಂಡತಿ ಖೈರುನಬಿ ದನಿ ಕೇಳಿದೊಡನೆ ಮಾಳಿಗೆ ಹತ್ತಿ ಕೆಂಪು ಚಾದರವೊಂದನ್ನು ಗೋಡೆಯ ಮೇಲೆ ಹರವುತ್ತಿದ್ದಳು. ಕೆಂಪು ಕಂಡ ಮೇಲೆಯೇ ಇವನು ಮೈಕು ಬಿಟ್ಟು ಇಳಿಯುತ್ತಿದ್ದ. ಎಂಥ ಪುಢಾರಿ ಬಂದಿದ್ದರೂ ಅಲ್ಲಿಯತನಕ ಕೈಕಟ್ಟಿ ಕಾಯಬೇಕು.

"ಲಾಲ್ಯಾ, ಈ ಊರಾಗ ಮಂತ್ರಿಗಿಂತ ನಿನ್ನ ಹೇಂತಿ ದೊಡ್ಡಾಕಿ ನೋಡು" ಎಂದು ನಾನು ಚೇಷ್ಟೆ ಮಾಡಿದರೆ ಅವನಿಗೆ ಒಳಗೊಳಗೇ ಹಿಗ್ಗು.

ಆ ಹಿಗ್ಗು ಬಹಳ ವರ್ಷ ಉಳಿಯಲಿಲ್ಲ. ರಮೀಜ ಫೌಜಿಗೆ ಸೇರಿದ. ಎರಡು ಸಾವಿರದ ಇಸ್ವಿಯ ಮಳೆಗಾಲದಲ್ಲಿ ಖೈರುನಬಿ ಕಾಮಾಲೆಯಾಗಿ ತೀರಿಕೊಂಡಳು. ಮಗ ರಜೆಗೆ ಬಂದು ತಾಯಿಗೆ ಮಣ್ಣು ಕೊಟ್ಟು ತಿರುಗಿ ಹೋದ. ದಿನ್ನೆಯ ಮನೆಯಲ್ಲಿ ಉಳಿದವನು ಇವನೊಬ್ಬನೇ. ಅದಾದ ಮೇಲಿನ ಮೊದಲ ಸಭೆಯಲ್ಲಿ ಲಾಲಸಾಬ ಭೋಂಗಾ ಕಟ್ಟಿ, ಮೈಕು ಹಿಡಿದು, "ರಮೀಜನ ಅವ್ವಾ, ಕೇಳಸ್ತೈತೇನ?" ಅಂದುಬಿಟ್ಟ. ಅವನು ದಿನ್ನೆಯ ಕಡೆ ನೋಡುತ್ತ ನಿಂತ, ಆಮೇಲೆ ಇಳಿದು ಬಂದ.

ನನಗೆ ತಡೆಯಲಾಗಲಿಲ್ಲ. ಬೈದೆ. "ಸತ್ತಾಕಿನ್ನ ಮೈಕಿನಾಗ ಕರೀತಾರೇನೋ? ಮಂದಿಗತೆ ಒನ್ ಟೂ ಥ್ರೀ ಅನ್ನು."

"ಅಂದ್ ನೋಡೀನಿ ಸೋಮಣ್ಣಾ. ಬಾಯಿಗೆ ಬರಂಗಿಲ್ಲ" ಅಂದ.

ಅಂದಿನಿಂದ ನಾನು ಆ ಮಾತು ಎತ್ತಲಿಲ್ಲ. ಅವನು ಪ್ರತಿ ಸಭೆಗೂ ಹಾಗೆಯೇ ಕರೆಯುತ್ತಿದ್ದ, ಹಾಗೆಯೇ ತುಸು ಹೊತ್ತು ಕಾಯುತ್ತಿದ್ದ.

ನನ್ನ ಅಂಗಡಿಯಲ್ಲೊಂದು ಎಸ್‌ಟಿಡಿ ಫೋನಿತ್ತು. ರವಿವಾರ ರಮೀಜನ ಫೋನು ಬರುವುದು ಅದಕ್ಕೇ. ಲಾಲಸಾಬ ಬೆಳಗಿನಿಂದಲೇ ಬಂದು ಸಕ್ಕರೆಯ ಚೀಲದ ಮೇಲೆ ಕೂರುತ್ತಿದ್ದ. ಹುಡುಗನ ದನಿ ದೊಡ್ಡದು, ಕೇಳಬೇಕೆಂದಿಲ್ಲದಿದ್ದರೂ ನನಗೆ ಕೇಳುತ್ತಿತ್ತು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅಮೇರಿಕಾ ಇರಾಕಿನಲ್ಲಿ ಯುದ್ಧಕ್ಕೆ ಇಳಿದಿತ್ತು. ನಮ್ಮ ಸಿಪಾಯಿಗಳನ್ನೂ ಕಳಿಸಿರೆಂದು ದಿಲ್ಲಿಯನ್ನು ಕೇಳುತ್ತಿದೆ ಎಂದು ಪೇಪರಿನಲ್ಲಿ ಬಂತು. ಮುಂದಿನ ವರ್ಷ ಚುನಾವಣೆ. ಅಷ್ಟು ಸಾಕಲ್ಲ, ನಮ್ಮೂರಿನ ಎರಡೂ ಪಾರ್ಟಿಯವರು ಎದ್ದು ಕುಳಿತರು. ಕಳಿಸಬಾರದೆಂದು ಧೂಳಪ್ಪ, ಕಳಿಸಬೇಕೆಂದು ಅಪ್ಪಾಸಾಹೇಬ. ಹೋದ ಚುನಾವಣೆಯತನಕ ಇಬ್ಬರೂ ಒಂದೇ ಜೀಪಿನಲ್ಲಿ ತಿರುಗಿದವರು. ಇರಾಕು ಯಾವ ದಿಕ್ಕಿಗಿದೆ ಅಂದರೆ ಇಬ್ಬರೂ ತಲೆ ಕೆರೆದುಕೊಳ್ಳುತ್ತಿದ್ದರು.

ಮೊದಲು ಧೂಳಪ್ಪ ಬಂದ. "ಕಾಕಾ, ಮೈಕ ಹಚ್ರಿ. ಹಂಗಽ ಸ್ಟೇಜಿನ ಮ್ಯಾಲ ಬಂದು ಎರಡ ಮಾತ ಹೇಳ್ರಿ, ನನ್ನ ಮಗನ್ನ ಮಂದಿ ಜಗಳಕ್ಕ ಕಳಸಬ್ಯಾಡ್ರಿ ಅಂತ. ನೀವು ಹೇಳಿದ್ರ ಮಂದಿ ಮನಸಿಗಿ ಭಾಳ ಹತ್ತತೈತಿ."

ಮರುದಿನ ಅಪ್ಪಾಸಾಹೇಬ. "ಲಾಲಸಾಬ, ಅಮೇರಿಕಾದಂಥ ದೋಸ್ತ ಯುದ್ಧದಾಗಿದ್ದಾಗ ಅವಂಗ ಪಾಠಿಂಬಾ ಕೊಟ್ಟು ಬೆನ್ನಿಗೆ ನಿಂದರಬೇಕೋ ಬ್ಯಾಡೋ? ನನ್ನ ಮಗ ತಯಾರ ಅದಾನ ಅಂತ ನೀ ಒಂದ ಮಾತ ಅಂದ್ರ, ಎದುರಿನವರ ಬಾಯಿ ಮುಚ್ಚತೈತಿ."

"ನಾ ಮೈಕ ಹಚ್ಚಾಂವ್ರಿ ಸಾಹೇಬ್ರ. ಮಾತ ನಿಮ್ಮದು" ಎಂದು ಇಬ್ಬರಿಗೂ ಲಾಲಸಾಬ ಅದೇ ಉತ್ತರ ಕೊಟ್ಟ. ಇಬ್ಬರೂ ಅದನ್ನು ಒಪ್ಪಿಗೆಯೆಂದೇ ತಿಳಿದು ಹೋದರು.

ಆ ರವಿವಾರ ಫೋನು ಬಂತು. "ಅಬ್ಬಾ, ಇರಾಕಕ್ಕ ಹೋಗೂದಾದ್ರ ನಮ್ಮ ಪಲ್ಟಣಾನೂ ಹೋಗತೈತಂತ. ಇನ್ನಾ ಪಕ್ಕಾ ಇಲ್ಲ. ನೀ ಏನಂತಿ?"

"ನಾ ಏನನ್ನಲಿ? ಊಟ ಬರೋಬ್ಬರಿ ಹಾಕ್ತಾರಿಲ್ಲೋ?"

"ಊಟ ಬಿಡು. ಹೋಗ ಅಂತಿಯೋ, ಬ್ಯಾಡ ಅಂತಿಯೋ?"

"ಬಿಸಲಾಗ ಭಾಳ ತಿರಗಬ್ಯಾಡ" ಎಂದು ಇವನು ಫೋನಿಟ್ಟ.

ನನಗೆ ಸಿಟ್ಟು ಬಂತು. ಹುಡುಗ ಬಾಯಿಬಿಟ್ಟು ಕೇಳಿದಾಗಲೂ ಹೀಗೆಯೇ? "ಬ್ಯಾಡ ಅನ್ನಾಕ ಏನಾಗಿತ್ತೋ ನಿನಗ?" ಅಂದೆ.

"ನಾ ಬ್ಯಾಡಂದ್ರ, ಇರಾಕದಾಗಿರೋರು ತನ್ನ ಧರ್ಮದ ಮಂದಿ ಅಂತ ಬ್ಯಾಡಂದ ಅಂತಾರ. ನಾಳೆ ಅಂವಗ ಪಲ್ಟಣದಾಗ ಅದನ್ನಽ ಆಡಿ ತೋರಸ್ತಾರ. ಹೋಗಂದ್ರ, ಅಂವ ಹೋಗೇ ಬಿಡ್ತಾನ. ನನಗ ದೋಸ್ತನೂ ಬ್ಯಾಡ, ಯುದ್ಧಾನೂ ಬ್ಯಾಡ ಸೋಮಣ್ಣಾ. ಹುಡುಗ ತಿರುಗಿ ಮನಿಗಿ ಬಂದ್ರ ಸಾಕು. ಇದನ್ನ ಯಾರ ಸ್ಟೇಜಿನ ಮ್ಯಾಲ ಹೇಳ್ಲಿ, ನೀನಽ ಹೇಳು" ಅಂದ.

ನಾನು ತಿರುಗಿ ತಕ್ಕಡಿ ಹಿಡಿದೆ.

ಸಭೆಗಳಾದವು. ಧೂಳಪ್ಪನ ಸಭೆಯಲ್ಲಿ ಇವನ ಹೆಸರು ಕೂಗಿದರು. ಲಾಲಸಾಬ ಹತ್ತಿದ. ಮೈಕಿನ ಕುತ್ತಿಗೆಯ ತಿರುಪು ಬಿಗಿ ಮಾಡಿದ, ಬೆರಳಿನಿಂದ ಬಡಿದು ನೋಡಿದ, ಇಳಿದು ಬಂದ. ಮಂದಿ ನಕ್ಕರು. ಅಪ್ಪಾಸಾಹೇಬನ ಸಭೆಯಲ್ಲೂ ಹಾಗೆಯೇ ತಿರುಪು ಬಿಗಿ ಮಾಡಿ ಇಳಿದ. ಅಲ್ಲಿ ಯಾರೂ ನಗಲಿಲ್ಲ. "ಯಾಕ, ದೇಶದ ಮಾತ ಬಂದ್ರ ಬಾಯಿ ಬರಂಗಿಲ್ಲೇನ?" ಎಂದು ಹಿಂದಿನಿಂದ ಯಾವನೋ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ದೇಶಕ್ಕೆ ಮಗನನ್ನು ಕೊಟ್ಟವನು ಆ ಬಯಲಿನಲ್ಲಿ ಇವನೊಬ್ಬನೇ ಇದ್ದ. ಲಾಲಸಾಬ ಮಾತ್ರ ಕೇಳಿಸದವನ ಹಾಗೆ ವೈರು ಸುತ್ತುತ್ತಿದ್ದ.

ಜುಲೈಯಲ್ಲಿ ದಿಲ್ಲಿ ಕಳಿಸುವುದಿಲ್ಲ ಎಂದು ಹೇಳಿತು. ಚುನಾವಣೆಗೆ ಹೆದರಿತು ಎಂದು ಮಂದಿ ಆಡಿಕೊಂಡರು. ಧೂಳಪ್ಪ ತಾನೇ ಗೆದ್ದೆನೆಂದು ಪಟಾಕಿ ಹಾರಿಸಿದ. ಕಳಿಸಲೇಬೇಕು ಎನ್ನುತ್ತಿದ್ದ ಅಪ್ಪಾಸಾಹೇಬ, ನಮ್ಮ ಸರ್ಕಾರ ಜನರ ಮಾತು ಕೇಳುತ್ತದೆ ನೋಡಿರಿ ಎಂದು ಹೊಸ ರಾಗ ತೆಗೆದ. ಲಾಲಸಾಬ ನನ್ನ ಅಂಗಡಿಯಿಂದ ಕಲ್ಲುಸಕ್ಕರೆ ತೆಗೆದುಕೊಂಡು ಬಂದವರ ಕೈಗೆಲ್ಲ ಹಾಕಿದ. ಹೆಂಡತಿ ಸತ್ತ ಮೇಲೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ಆದರೆ ಅವತ್ತಿನಿಂದ ಅವನ ಅಂಗಡಿಗೆ ಜನ ಬರುವುದು ನಿಂತಿತು. ಧೂಳಪ್ಪನ ಕಡೆಯವರು ಅವನನ್ನು ಅಪ್ಪಾಸಾಹೇಬನ ಮನುಷ್ಯ ಅಂದರು, ಅಪ್ಪಾಸಾಹೇಬನ ಕಡೆಯವರು ಧೂಳಪ್ಪನ ಮನುಷ್ಯ ಅಂದರು. ಇಬ್ಬರೂ ಜತ್ತದಿಂದ ಮೈಕು ತರಿಸತೊಡಗಿದರು. ಬಯಲಿನಲ್ಲಿ ಯಾರೋ "ಒನ್ ಟೂ ಥ್ರೀ" ಅನ್ನುವುದು ಕೇಳುತ್ತಿತ್ತು. ಇವನು ಎದುರಿನ ಅಂಗಡಿಯಲ್ಲಿ ಒಬ್ಬನೇ ಕುಳಿತು ಧೂಳಿಲ್ಲದ ಭೋಂಗಾಗಳನ್ನು ಒರೆಸುತ್ತಿದ್ದ.

ಇರಾಕು ತಪ್ಪಿದ ಮೇಲೆ ರಮೀಜನ ಪಲ್ಟಣ ಕಾಶ್ಮೀರಕ್ಕೆ ಹೊರಟಿತು. ಫೋನಿನಲ್ಲಿ ಹೇಳಿದಾಗ ಇವನು "ಚಲೋ ಆತು ಬಿಡು, ನಮ್ಮ ದೇಶದಾಗಽ ಐತಲ್ಲ" ಅಂದ. ಅಲ್ಲಿಗೆ ಕಳಿಸಬೇಕೋ ಬೇಡವೋ ಎಂದು ಯಾರೂ ಸಭೆ ಕರೆಯಲಿಲ್ಲ. ಎರಡು ಮಾತು ಹೇಳ್ರಿ ಕಾಕಾ ಎಂದು ಯಾರೂ ಬರಲಿಲ್ಲ. ಅದರಲ್ಲಿ ಯಾರಿಗೆ ಓಟು ಬೀಳುತ್ತದೆ?

ದೀಪಾವಳಿ ಆದ ಮೇಲೆ ಒಂದು ಬುಧವಾರ ಫೋನು ಬಂತು. ಹಿಂದಿ ಮಾತಾಡುವ ದನಿ. ರಮೀಜನ ಜೊತೆಗಾರ. ಕೇಳಿ, ಫೋನಿಟ್ಟು ಅಂಗಡಿಯಿಂದ ಇಳಿದೆ. ಎದುರಿನ ಅಂಗಡಿಗೆ ರಸ್ತೆ ದಾಟಿದರೆ ಸಾಕು, ಅಷ್ಟೇ ದೂರ. ಆ ರಸ್ತೆ ನನಗೆ ಸಾಗಲೇ ಇಲ್ಲ.

ಲಾಲಸಾಬ ತಲೆಯೆತ್ತಿ ನೋಡಿದ. "ಇವತ್ತ ರವಿವಾರ ಅಲ್ಲಲ್ಲೋ ಸೋಮಣ್ಣಾ. ಫೋನ್ ಯಾರದು?"

ಅವನು ನನ್ನ ಮುಖ ನೋಡಿದ, ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿ ಕೆಳಗಿಟ್ಟ.

ಹುಡುಗನನ್ನು ಪೆಟ್ಟಿಗೆಯಲ್ಲಿ ತಂದರು. ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಅವತ್ತೇ ಸಂಜೆ ಬಯಲಿನಲ್ಲಿ ಶೋಕಸಭೆ. ಸತ್ತವನ ತಂದೆಗೆ ಮೈಕು ಹಚ್ಚು ಅನ್ನುವುದು ಹೇಗೆ ಎಂದು ಜತ್ತದಿಂದ ತರಿಸಿದ್ದರು. ಧೂಳಪ್ಪ, ಅಪ್ಪಾಸಾಹೇಬ ಇಬ್ಬರೂ ಒಂದೇ ಸ್ಟೇಜಿನ ಮೇಲೆ ತೊಡೆಗೆ ತೊಡೆ ತಾಗಿಸಿ ಕುಳಿತಿದ್ದರು. ಇಬ್ಬರೂ "ನಮ್ಮ ರಮೀಜ, ನಮ್ಮ ರಮೀಜ" ಎಂದು ಭಾಷಣ ಮಾಡಿದರು. ನನಗೆ ಎದ್ದು ಹೋಗಬೇಕೆನಿಸಿತು, ಲಾಲಸಾಬ ಪಕ್ಕದಲ್ಲಿದ್ದನೆಂದು ಕುಳಿತೆ. ಕೊನೆಗೆ, ತಂದೆಯವರು ಎರಡು ಮಾತು ಆಡಲಿ ಎಂದರು.

ಲಾಲಸಾಬ ಹತ್ತಿದ. ತಿರುಪು ಬಿಗಿ ಮಾಡಿ ಇಳಿಯುತ್ತಾನೆ ಅಂದುಕೊಂಡೆ. ಅವನು ತಿರುಪು ಮುಟ್ಟಲಿಲ್ಲ. ದಿನ್ನೆಯ ಕಡೆ ಮುಖ ಮಾಡಿ ಬಾಗಿದ.

"ರಮೀಜನ ಅವ್ವಾ, ಕೇಳಸ್ತೈತೇನ? ರಮೀಜ ಬಂದಾನ. ನಿನ್ನ ಬಾಜೂಕಽ ಮಲಗ್ಯಾನ ನೋಡು."

ಊರಿಗೆ ಊರೇ ತಿರುಗಿ ಆ ಮಾಳಿಗೆಯ ಕಡೆ ನೋಡಿತು. ಧೂಳಪ್ಪ, ಅಪ್ಪಾಸಾಹೇಬ ಕೂಡ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಮಂದಿ ಒಬ್ಬೊಬ್ಬರಾಗಿ ಎದ್ದು ಹೋದರು, ಜತ್ತದವರು ಭೋಂಗಾ ಬಿಚ್ಚಿ ಗಾಡಿಗೆ ಹಾಕಿದರು. ಲಾಲಸಾಬ ಇನ್ನೂ ಮಾಳಿಗೆ ನೋಡುತ್ತ ಕಾಯುತ್ತಿದ್ದ.