ಎದುರು ಮನೆಯವರ ಬೈಕಿನ ಗಾಜು

ಪಾಂಡವಪುರದಲ್ಲಿ ನಮ್ಮ ಎದುರು ಮನೆಯ ಯಜಮಾನರು ದಿನಾ ಬೈಕಿನಲ್ಲಿ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು. ಕಬ್ಬಿನ ಗದ್ದೆಯ ಹುಳುಗಳೆಲ್ಲ ಬೈಕಿನ ಮುಂದಿನ ಗಾಜಿಗೆ ಬಡಿದು ಅಂಟಿಕೊಳ್ಳುತ್ತಿದ್ದವು. ಭಾನುವಾರ ಸ್ಕ್ರೂ ಬಿಚ್ಚಿ, ಗಾಜನ್ನು ಜಗುಲಿಯ ಮೇಲಿಟ್ಟು, ಒದ್ದೆ ಬಟ್ಟೆ ಹೊದಿಸಿ ಸುಮ್ಮನೆ ಕೂರುತ್ತಿದ್ದರು. ಯಾರು ಅವಸರ ಮಾಡಿದರೂ ಒಂದೇ ಮಾತು: "ನೆನೀಲಿ ಬುಡಿ."

ಒಂದು ಭಾನುವಾರ ಅವರು ಕಾಫಿಗೆಂದು ಒಳಗೆ ಹೋದಾಗ ನಾನು ನಮ್ಮ ಬಾಗಿಲಲ್ಲಿ ಹಬ್ಬದ ಹಿತ್ತಾಳೆ ಪಾತ್ರೆ ಬೆಳಗುತ್ತಿದ್ದೆ. ನೆರವಾಗೋಣವೆಂದು ಅದೇ ಹುಣಸೆಹಣ್ಣು, ಬೂದಿ, ತೆಂಗಿನ ನಾರಿನಲ್ಲಿ ಆ ಗಾಜನ್ನೂ ತಿಕ್ಕಿ ತೊಳೆದೆ. ಫಳಫಳ ಹೊಳೆಯಿತು. ಬಿಸಿಲಿಗೆ ಒಣಗುತ್ತಿದ್ದಂತೆ ಮೈತುಂಬ ಬಿಳಿ ಗೀರುಗಳೆದ್ದು ಮಜ್ಜಿಗೆಯಂತೆ ಮಂಕಾಯಿತು. ಗಾಜೆಂದು ಕರೆಯುವ ಅದು ಪ್ಲಾಸ್ಟಿಕ್ಕೆಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದವರು ಗಾಜನ್ನು ನೋಡಿದರು, ನನ್ನ ಮುಖ ನೋಡಿದರು. "ನೆನೀಲಿ ಬುಡವ್ವ, ಸರೋಯ್ತದೆ" ಎಂದು ಒಂದು ಚೊಂಬು ನೀರು ಹುಯ್ದರು. ಗೀರುಗಳು ಮಾಯವಾದವು. ಒಣಗುವ ಮೊದಲೇ ಅದನ್ನು ಒಳಗೆ ಒಯ್ದರು.

ಅಂದಿನಿಂದ ಹೊರಡುವ ಮುನ್ನ ಗಾಜಿಗೆ ಒಂದು ಚೊಂಬು ನೀರು ಹುಯ್ಯುತ್ತಿದ್ದರು. ಅದು ಹೊಳೆಯುತ್ತ ಬೀದಿ ತಿರುಗುವುದನ್ನು ನೋಡಿ ನಾನು ಸಮಾಧಾನಪಡುತ್ತಿದ್ದೆ. ವರ್ಷದ ಮೇಲೆ ಅವರ ಹೆಂಡತಿಗೆ, "ಯಜಮಾನರು ಎಷ್ಟು ಶಿಸ್ತು, ದಿನಾ ಗಾಜು ತೊಳೀತಾರೆ" ಎಂದೆ.

"ನೀನು ಬಾಗ್ಲಲ್ಲಿ ನಿಂತಿದ್ರೆ ಮಾತ್ರ ಕಣವ್ವ ನೀರು ಉಯ್ಯೋದು" ಎಂದರು ಆಕೆ. "ಬೀದಿ ದಾಟೋ ಅಷ್ಟ್ರಲ್ಲಿ ಒಣಗೋಯ್ತದೆ. ಆಮೇಲೆ ಮಾಕವಳ್ಳಿ ಗಂಟ ಗಾಜಿನ ಮೇಲಿಂದ ದಾರಿ ಕಾಣೋಂಗೆ ಕತ್ತು ಎತ್ಕೊಂಡೇ ಓಯ್ತಾರೆ."