ರೊಟ್ಟಿಯ ಮಾರ್ಫಾಲಜಿ

ಗೆಳೆಯರೇ, ಪಾಠದ ಪದವನ್ನು ಅಡುಗೆಮನೆಗೆ ತಂದು ಇವತ್ತು ಕೆಟ್ಟೆ.

ಮಧ್ಯಾಹ್ನ ಹರಿಹರದಿಂದ ಬಂದ ನಾದಿನಿ ಒಂದು ಕಟ್ಟು ಖಡಕ್ ರೊಟ್ಟಿ ತಂದಿದ್ದಳು. "ಬೆಳಗ್ಗಿಂದ ನಾನೇ ಕೂತು ತಟ್ಟೀನಿ ಅತ್ಗೆ, ರಟ್ಟೆ ಬಿದ್ದೋದ್ವು" ಎಂದಳು. ನನಗೆ ಆಗಲೇ ಸಂಶಯ. ಕೈಯಲ್ಲಿ ತಟ್ಟಿದ ರೊಟ್ಟಿಯ ಅಂಚು ಅಲ್ಲಲ್ಲಿ ಒಡೆದಿರುತ್ತದೆ, ಮೈಮೇಲೆ ಬೆರಳಿನ ಗುರುತಿರುತ್ತದೆ. ಇವೋ, ಅಚ್ಚಿನಲ್ಲಿ ಒತ್ತಿದಂತೆ ಎಲ್ಲವೂ ಒಂದೇ ಗುಂಡಗೆ! ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಬಾಯಿ, ಸುಮ್ಮನಿರಲಿಲ್ಲ.

"ಇವುಗಳ ಮಾರ್ಫಾಲಜಿ ಯಾಕೋ ಮಷಿನ್ ರೊಟ್ಟಿದ್ ಇದ್ದಂಗೈತಲ್ಲ?"

ಅತ್ತೆ ಗಕ್ಕನೆ ತಿರುಗಿದರು. "ಏನಂದೆ? ನನ್ನ ಮಗಳಿಗೆ ಬೈದ್ಯಾ?"

"ಇಲ್ಲ ಅತ್ತೆ. ಆಕಾರ, ರಚನೆ ನೋಡಿ ಅದು ಎಂಥದ್ದು ಅಂತ ಗುರುತು ಹಿಡಿಯೋದು, ಅಷ್ಟೇರಿ."

ಅತ್ತೆ ಒಂದು ರೊಟ್ಟಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು, ಮೂಸಿದರು. ನಾದಿನಿ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ನನ್ನ ಮಗಳ ಕೆಲಸ ಮೊದಲಿಂದ್ಲೂ ಅಚ್ಚುಕಟ್ಟು" ಎಂದು ತೀರ್ಪು ಕೊಟ್ಟ ಅತ್ತೆ, ಬುಟ್ಟಿಯಲ್ಲಿದ್ದ ನನ್ನ ರೊಟ್ಟಿಯ ಕಡೆ ನೋಡಿದರು. "ಇನ್ನ ನಿನ್ನವುಗಳ ಮಾರ್ಫಾಲಜಿ ನೋಡಿದ್ರೆ, ಅಂಗಡಿಯಿಂದ ತಂದಿದ್ದು ಅಂತ ಯಾರಿಗೂ ಡೌಟೇ ಬರಲ್ಲ ಬಿಡವ್ವಾ."

ಇಷ್ಟು ಬೇಗ ಕಲಿತ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಇನ್ನೂ ಸಿಕ್ಕಿಲ್ಲ.