ಅಜ್ಜ ತೊಳೆದ ಕಾಲುಗಳು

ಧಾರವಾಡದಲ್ಲಿ ನಾನು ಬಾಡಿಗೆಗಿರುವ ಕೋಣೆಯ ಕೆಳಗಿನ ಮನೆಯಲ್ಲಿ ಯಾರಿಗಾದರೂ ನೆಗಡಿಯಾದರೆ ನೀಲಗಿರಿ ಎಲೆ ಕುದಿಸುತ್ತಾರೆ. ಆ ವಾಸನೆ ಮೆಟ್ಟಿಲು ಹತ್ತಿ ಬಂದು ಬಾಗಿಲ ಸಂದಿಯಲ್ಲಿ ನುಸುಳಿದಾಗ ಮೂಗಿಗಿಂತ ಮೊದಲು ನನ್ನ ಪಾದಗಳಿಗೆ ಗೊತ್ತಾಗುತ್ತದೆ. ಬೆರಳುಗಳ ನಡುವೆ ಬೆಚ್ಚನೆಯ ನೀರು ಇಳಿದಂತೆ, ಹಿಮ್ಮಡಿಯ ಕೆಳಗೆ ಒರಟು ಹೆಬ್ಬೆರಳೊಂದು ಸರಿದಂತೆ ಆಗಿ, ಓದುತ್ತಿದ್ದ ಪುಸ್ತಕವನ್ನು ಕೆಳಗಿಡುತ್ತೇನೆ. ನಾನು ಇತಿಹಾಸ ಓದಿದವನು. ಒಂದು ಮಾತನ್ನು ನಂಬುವ ಮೊದಲು ಅದನ್ನು ಯಾರು ಹೇಳಿದರು, ಯಾವಾಗ ಹೇಳಿದರು, ಹೇಳಿದವರಿಗೆ ಅದರಿಂದ ಏನು ಲಾಭ ಎಂದು ಕೇಳುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು. ಪಾದಗಳ ಸಾಕ್ಷಿಯನ್ನು ಅಲ್ಲಿ ಯಾರೂ ಒಪ್ಪುವುದಿಲ್ಲ. ಆದರೂ ಈಗ ಇಲ್ಲದ ಆ ಮನೆಯ ಬಗ್ಗೆ ನಾನು ಏನನ್ನಾದರೂ ಹೇಳಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು.

ಮನೆ ಹಳಿಯಾಳ ತಾಲ್ಲೂಕಿನ ಕಾಡಿನಂಚಿನ ಒಂದು ಸಿದ್ದಿ ಊರಿನಲ್ಲಿತ್ತು. ಶತಮಾನಗಳ ಹಿಂದೆ ಆಫ್ರಿಕಾದಿಂದ ಆಳುಗಳಾಗಿ ಬಂದವರ ಸಂತತಿ ನಾವು. ಮಣ್ಣಿನ ಗೋಡೆ, ಹೆಂಚಿನ ಮಾಡು, ಹೊಗೆ ಹಿಡಿದು ಕಪ್ಪಾದ ಜಂತಿಗಳು, ಒಳಗೆ ಗೋಡೆಗೆ ತೂಗುಹಾಕಿದ್ದ ಮರದ ಶಿಲುಬೆ. ಅಜ್ಜ, ಅವ್ವ, ಇನಾಸ್ ಕಾಕಾ ಮತ್ತು ನಾನು ಅಲ್ಲಿದ್ದೆವು. ಅಪ್ಪ ಗೋವಾದಲ್ಲಿ ಲಾರಿ ಓಡಿಸುತ್ತಿದ್ದ, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದ. ಅಜ್ಜನ ಹೆಸರು ಬಸ್ತ್ಯಾಂವ್. ಹರೆಯದಲ್ಲಿ ಊರಿನ ಸಾವ್ಕಾರರ ಮನೆಯಲ್ಲಿ ಆಳಾಗಿದ್ದು, ಆಮೇಲೆ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು, ನೀಲಗಿರಿ ಕಡಿಯುವವರ ಜೊತೆ ಸೇರಿ, ವಯಸ್ಸಾದ ಮೇಲೆ ಮನೆ ಹಿಡಿದವನು. ಈಸ್ಟರಿನ ಹಿಂದಿನ ಪವಿತ್ರ ಗುರುವಾರ ಇಗರ್ಜಿಯಲ್ಲಿ ಪಾದ್ರಿಗಳು ಹನ್ನೆರಡು ಗಂಡಸರ ಕಾಲು ತೊಳೆಯುತ್ತಿದ್ದರು, ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ. ಆ ಹನ್ನೆರಡರಲ್ಲಿ ಯಾರು ಕೂರಬೇಕು, ಮೊದಲನೆಯ ಜಾಗ ಯಾರದ್ದು ಎಂದು ಊರಿನಲ್ಲಿ ಪ್ರತಿ ವರ್ಷ ಒಳಗೊಳಗೇ ಜಗಳ. ಅಜ್ಜ ಒಮ್ಮೆಯೂ ಕೂರಲಿಲ್ಲ. ಪೂಜೆ ಮುಗಿಸಿ ಮನೆಗೆ ಬಂದು, ಮುಂಬಾಗಿಲು ಹಾಕಿ, ಹಿತ್ತಲ ಒಲೆಯಲ್ಲಿ ನೀಲಗಿರಿ ಎಲೆ ಹಾಕಿ ನೀರು ಕಾಸುತ್ತಿದ್ದ. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಕಟ್ಟೆಯ ಮೇಲೆ ಕೂರಿಸಿ, ತಾನು ನೆಲದ ಮೇಲೆ ಮಂಡಿಯೂರಿ, ನಮ್ಮ ಕಾಲು ತೊಳೆಯುತ್ತಿದ್ದ.

ಮೊದಲು ಅವ್ವನ ಸರದಿ. ಮಾವ ಸೊಸೆಯ ಕಾಲು ಮುಟ್ಟುವುದು ನಮ್ಮ ಸುತ್ತಲಿನ ಯಾವ ಮನೆಯಲ್ಲೂ ಇಲ್ಲದ ಮಾತು. ಮದುವೆಯಾಗಿ ಬಂದ ವರ್ಷ ಅವ್ವ ಅತ್ತೇಬಿಟ್ಟಿದ್ದಳಂತೆ. "ಮಾವಾರ, ಬ್ಯಾಡ್ರಿ, ನನಗ ಪಾಪ ಹತ್ತತೈತಿ" ಎಂದು ಸೀರೆಯೊಳಗೆ ಕಾಲು ಎಳೆದುಕೊಂಡರೆ ಅಜ್ಜ, "ವರ್ಷಪೂರ್ತಿ ನಡಿಯಾಕಿ ನೀ. ಕುಂದ್ರು" ಎಂದನಂತೆ. ಅವ್ವನ ನಂತರ ಕಾಕಾ, ಕೊನೆಗೆ ನಾನು. ಹಿಮ್ಮಡಿಯ ಬಿರುಕಿನಲ್ಲಿ ಕೂತ ಕೆಮ್ಮಣ್ಣನ್ನು ಅವನ ಹೆಬ್ಬೆರಳು ಅವಸರವಿಲ್ಲದೆ ಹುಡುಕಿ ತೆಗೆಯುತ್ತಿತ್ತು. ಹಳೆಯ ಧೋತರದ ತುಂಡಿನಿಂದ ಒರೆಸಿ, ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ, "ಹೊರಗ ಹೇಳಬ್ಯಾಡ್ರಿ. ಹೇಳಿದ್ರ ಅದು ಹೋತು" ಎನ್ನುತ್ತಿದ್ದ. ಹೀಗೆಯೇ ಅಂದನೇ? ಮನೆಯಲ್ಲಿ ಅವರು ಹೆಚ್ಚಾಗಿ ಕೊಂಕಣಿ ಆಡುತ್ತಿದ್ದರು. ನಾನೋ ಅದನ್ನೆಲ್ಲ ಕನ್ನಡದಲ್ಲೇ ನೆನೆಯುತ್ತೇನೆ. ನೆನಪು ಎಲ್ಲೋ ದಾರಿಯಲ್ಲಿ ಭಾಷೆ ಬದಲಿಸಿಕೊಂಡಿದೆ. ಇನ್ನೇನೇನು ಬದಲಿಸಿದೆಯೋ ನನಗೆ ತಿಳಿಯದು.

ಇನಾಸ್ ಕಾಕಾ ನಮ್ಮ ಊರಿನಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು. ಮೈಕ್ ಸಿಕ್ಕರೆ ತಡವರಿಸದೆ ಮಾತಾಡುತ್ತಿದ್ದ. ಹಳೆಯ ಸಾವ್ಕಾರರ ಮಗ ಆಗ ರಾಜಕೀಯಕ್ಕೆ ಇಳಿದಿದ್ದ. ಎಲ್ಲರ ಬಾಯಲ್ಲಿ ಅವನು ಸಣ್ಣ ಸಾವ್ಕಾರ. ಕಾಕಾ ಅವನ ಹಿಂದೆ ಮುಂದೆ ಓಡಾಡುತ್ತಿದ್ದ. ಒಂದು ಸಲ ನನ್ನನ್ನು ಹಳಿಯಾಳದ ಸರ್ಕಲ್ಲಿಗೆ ಕರೆದೊಯ್ದು, ಹೊಸದಾಗಿ ಕಟ್ಟಿದ್ದ ಫ್ಲೆಕ್ಸಿನ ಮುಂದೆ ನಿಲ್ಲಿಸಿ, "ನೋಡಲೇ ಮಿಂಗೂ, ನಾ ಎಲ್ಲಿ ಅದೇನಿ ಹುಡುಕು" ಎಂದ. ಮೂಲೆಯಲ್ಲಿ, ಅಂಚೆ ಚೀಟಿಯಂಥ ಮುಖಗಳ ಸಾಲಿನಲ್ಲಿ, ಫೋಟೋದವರು ಬಣ್ಣ ತಿದ್ದಿ ಬಿಳುಪು ಮಾಡಿದ್ದ ಕಾಕಾ ನಗುತ್ತಿದ್ದ. ಗುಂಗುರು ಕೂದಲಿನಿಂದ ಗುರುತು ಹಿಡಿದೆ. ಇದನ್ನು ಓದಿ ನಗಬೇಡಿ. ಅದೇ ಸರ್ಕಲ್ಲಿನಲ್ಲಿ ನಮ್ಮನ್ನು ನಿಲ್ಲಿಸಿ ಯಾವ ದೇಶದವರು ಎಂದು ಕೇಳುತ್ತಿದ್ದರು. ಅಲ್ಲಿ ತನ್ನ ಮುಖ ತೂಗಿದ್ದು ಕಾಕಾನಿಗೆ ಸಣ್ಣ ಮಾತಾಗಿರಲಿಲ್ಲ, ನನಗೂ ಆಗಿರಲಿಲ್ಲ.

ಆ ಹುಮ್ಮಸ್ಸಿನಲ್ಲೇ ಅವನು ಎಲ್ಲೋ ನಾಲ್ಕು ಜನ ಕೂತಲ್ಲಿ ಗುರುವಾರದ ಸಂಗತಿ ಹೇಳಿಬಿಟ್ಟ. ಮಳೆಗಾಲ ಕಳೆದ ಮೇಲೆ ಸಣ್ಣ ಸಾವ್ಕಾರನ ಹುಟ್ಟುಹಬ್ಬ. ಆ ದಿನ ಹಿರಿಯರಿಗೆ ಪಾದಪೂಜೆ ಮಾಡುವುದೆಂದು, ಮೊದಲು ಬಸ್ತ್ಯಾಂವ್ ಅಜ್ಜನ ಕಾಲು ತೊಳೆಯುವುದೆಂದು ತೀರ್ಮಾನವಾಯಿತು. ಕಾಕಾ ಸುದ್ದಿ ತಂದ ಸಂಜೆ ಅಜ್ಜ ಹಿತ್ತಲಲ್ಲಿ ಕುಡಗೋಲು ಮಸೆಯುತ್ತಿದ್ದ.

"ಅಪ್ಪಾ, ನೀ ಸುಮ್ನ ಕುರ್ಚಿ ಮ್ಯಾಲ ಕುಂದ್ರಬೇಕು, ಅಷ್ಟ. ಉಳದದ್ದೆಲ್ಲಾ ಅವ್ರ ಮಾಡ್ತಾರ."

"ನಮ್ಮ ಮನಿ ಮಾತು ಯಾರಿಗೆ ಹೇಳಿದಿ?"

"ಕೆಟ್ಟದ್ದೇನ ಹೇಳೀನಿ? ನಮ್ಮಪ್ಪ ಇಂಥಾಂವ ಅಂತ ಹೇಳಿದೆ."

"ಹೇಳಬ್ಯಾಡ ಅಂದಿದ್ರಲ್ಲ ಇನಾಸ, ನಿನಗ ಕಿವಿ ಇರಲಿಲ್ಲೇನು?" ಎಂದಳು ಅವ್ವ.

"ವೈನಿ, ಮುಚ್ಚಿಟ್ಟು ಮುಚ್ಚಿಟ್ಟು ನಾವು ಇಲ್ಲದಂಗ ಆಗೇವಿ. ಈ ತಾಲೂಕಿನಾಗ ಮನಿ ನಾಯಿ ಹುಟ್ಟಿದ ಹಬ್ಬಕ್ಕೂ ಫ್ಲೆಕ್ಸ್ ಹಾಕ್ತಾರ. ನಮ್ಮಪ್ಪಂದು ಒಂದು ಬ್ಯಾಡೇನು?" ಕಾಕಾ ಅಜ್ಜನ ಎದುರು ಕುಕ್ಕರಗಾಲಿನಲ್ಲಿ ಕೂತ. ಅವನ ದನಿ ಇಳಿಯಿತು. "ಅವ್ರ ಹಿತ್ತಲದಾಗ ನೀ ಊಟಕ್ಕ ತಾಟು ಹಿಡಕೊಂಡು ನಿಂತಿದ್ದಿ. ಸಣ್ಣಾಂವ ಇದ್ದಾಗ ನಾ ಕಣ್ಣಾರೆ ನೋಡೀನಿ. ಈಗ ಆ ಮನಿ ಮಗ ನಿನ್ನ ಕಾಲ ಬುಡಕ ಬಗ್ಗತಾನ. ಅದನ್ನೂ ನಾ ನೋಡಬೇಕು, ಅಪ್ಪಾ."

ಅಜ್ಜ ಕುಡಗೋಲಿನ ಬಾಯಿಯನ್ನು ಹೆಬ್ಬೆರಳಿನಿಂದ ನೋಡಿಕೊಂಡ. ಅದನ್ನು ಪಕ್ಕಕ್ಕಿಟ್ಟು "ಬರ್ತೇನಿ" ಎಂದ. ಆಮೇಲಿನ ದಿನಗಳಲ್ಲಿ ಅವ್ವ ಪಾತ್ರೆಗಳನ್ನು ಕುಕ್ಕಿ ಇಡುತ್ತಿದ್ದಳು. ಅಜ್ಜ ಶಿಲುಬೆಯ ಮುಂದೆ ಕೂರುವ ಹೊತ್ತು ಉದ್ದವಾಯಿತು; ಪ್ರಾರ್ಥಿಸುತ್ತಿದ್ದನೋ ಯೋಚಿಸುತ್ತಿದ್ದನೋ ಬೆನ್ನು ನೋಡಿ ಹೇಳಲಾಗುತ್ತಿರಲಿಲ್ಲ. ಕಾಕಾ ಮಾತ್ರ ಅಜ್ಜನ ಬಿಳಿ ಅಂಗಿಗೆ ತಾನೇ ಇಸ್ತ್ರಿ ಮಾಡಿ, ಗೂಟಕ್ಕೆ ತೂಗುಹಾಕಿ, ಹೋಗುತ್ತ ಬರುತ್ತ ಅದನ್ನು ನೋಡುತ್ತಿದ್ದ.

ಕಾರ್ಯಕ್ರಮದ ದಿನ ಹಳಿಯಾಳದಲ್ಲಿ ಬಿಸಿಲಿತ್ತು ಎಂದು ನನಗೆ ನೆನಪು, ಮೋಡವಿತ್ತು ಎಂದು ಅವ್ವನಿಗೆ. ವೇದಿಕೆಯ ಮೇಲೆ ಕೆಂಪು ಮಖಮಲ್ಲಿನ ಕುರ್ಚಿ, ಹಿತ್ತಾಳೆಯ ತಾಟು, ಗುಲಾಬಿ ಎಸಳು ತೇಲಿಸಿದ ನೀರಿನ ತಂಬಿಗೆ. ಅಜ್ಜ ಕುರ್ಚಿಯ ತುದಿಯಲ್ಲಿ ಕೂತ. ಸಣ್ಣ ಸಾವ್ಕಾರ ಚಪ್ಪಲಿ ಬಿಟ್ಟು ಬಂದು, ಬಗ್ಗಿ, ಅಜ್ಜನ ಪಾದದ ಮೇಲೆ ನೀರು ಹನಿಸಿದ. ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಕಾಕಾ ನನ್ನ ಭುಜವನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡ. ಅಷ್ಟರಲ್ಲಿ ಫೋಟೋಗ್ರಾಫರ್, "ಸಾಹೇಬ್ರ, ಇನ್ನೊಮ್ಮೆ. ಮುಖ ಈ ಕಡೆ ಇರ್ಲಿ" ಎಂದ. ಸಾವ್ಕಾರ ಮತ್ತೆ ಬಗ್ಗಿದ. ಯಾರದೋ ಕೈ ಅಡ್ಡ ಬಂತು. "ಇನ್ನೊಂದ ಸಲ, ಸಾಹೇಬ್ರ." ಸಾವ್ಕಾರ ಸೊಂಟ ಹಿಡಿದು ನೆಟ್ಟಗಾಗಿ ನಿಂತು ನಕ್ಕ. ಆಗ ಅಜ್ಜ ಕುರ್ಚಿಯಿಂದ ಜಾರಿದಂತೆ ಕೆಳಗಿಳಿದು, ಮಂಡಿಯೂರಿ, ತಂಬಿಗೆಗೆ ಕೈ ಹಾಕಿದ. ಏನೋ ಹೇಳಿದ, ಮೈಕಿನ ಗದ್ದಲದಲ್ಲಿ ಕೇಳಿಸಲಿಲ್ಲ. ಸಾವ್ಕಾರ ಗಲಿಬಿಲಿಯಲ್ಲಿ ತಾನೇ ಕುರ್ಚಿಯಲ್ಲಿ ಕೂತನೋ, ಸುತ್ತಲಿದ್ದವರು ಕೂರಿಸಿದರೋ. ಅಜ್ಜ ಅವನ ಕಾಲನ್ನು ತಾಟಿನೊಳಗಿಟ್ಟು ತೊಳೆಯತೊಡಗಿದ. ಹಿತ್ತಲಲ್ಲಿ ನಮ್ಮ ಕಾಲು ತೊಳೆಯುತ್ತಿದ್ದ ಹಾಗೆಯೇ, ಅವಸರವಿಲ್ಲದೆ. ಜನ ಸಿಳ್ಳೆ ಹಾಕಿದರು. ನನ್ನ ಭುಜದ ಮೇಲಿನ ಕೈ ಸಡಿಲವಾಯಿತು.

ಸಂಜೆಯೊಳಗೆ ಆ ಫೋಟೋ ಎಲ್ಲರ ಮೊಬೈಲಿನಲ್ಲಿತ್ತು. ಸಾವ್ಕಾರ ಕುರ್ಚಿಯಲ್ಲಿ, ಕೆಳಗೆ ಮುದುಕ ಸಿದ್ದಿ, ಸಾವ್ಕಾರನ ಬಲಗೈ ಆಶೀರ್ವಾದದಂತೆ ಅವನ ತಲೆಯ ಮೇಲೆ. ಸಾವ್ಕಾರನ ಕಡೆಯವರೇ ಹಂಚಿದ್ದರು, ಹಳೆಯ ಆಳಿನ ಅಭಿಮಾನ ನೋಡಿ ಎಂದು ಬರೆದು. ನನ್ನ ಬಳಿ ಅದು ಈಗಲೂ ಇದೆ. ಎಷ್ಟು ಹಿಗ್ಗಿಸಿ ನೋಡಿದರೂ ಅಜ್ಜನ ಬೆನ್ನು ಮಾತ್ರ ಕಾಣುತ್ತದೆ. ಮುಖ ಅತ್ತ ಕಡೆ ಇದೆ.

"ಕುಂದ್ರು ಅಂದ್ರ ಕುಂದ್ರಾಕ ಬರಲಿಲ್ಲ ನಿನಗ" ಎಂದ ಕಾಕಾ, ಅಂಗಳದಲ್ಲಿ ನಿಂತೇ. "ಬಗ್ಗಿ ಬಗ್ಗಿ ನಿನ್ನ ಬೆನ್ನಿಗೆ ಅದ ರೂಢಿ."

"ಅವನ ಕಾಲಿಗೂ ಮಣ್ಣ ಹತ್ತಿತ್ತು" ಎಂದ ಅಜ್ಜ.

"ಮಣ್ಣ ಅಂತ. ಅವ್ರ ಮಣ್ಣ ತೊಳಕೋತ ನಿನ್ನ ಆಯುಷ್ಯ ಹೋತು. ನನ್ನದೂ ಹೋಗಲಿ ಅಂತೀ?"

ಮರುದಿನ ಕಾಕಾ ಚೀಲ ಕಟ್ಟಿಕೊಂಡು ರಾಮನಗರಕ್ಕೆ ಹೋದ. ಬೆಳಗಾವಿ-ಗೋವಾ ರಸ್ತೆಯ ಮೇಲೆ ಒಂದು ಟೈರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನೆಂದು ಕೇಳಿದೆವು. ಊರಿನಲ್ಲಿ ಆ ಫೋಟೋ ಎರಡು ಥರ ಬೆಳೆಯಿತು. ಇಗರ್ಜಿಯಲ್ಲಿ ಪಾದ್ರಿಗಳು ಪ್ರಸಂಗದ ನಡುವೆ, ನಿಜವಾದ ಕ್ರೈಸ್ತ ದೀನತೆ ನಮ್ಮ ಬಸ್ತ್ಯಾಂವ್ ಅಜ್ಜನಲ್ಲಿದೆ ಎಂದು ಹೊಗಳಿದರು. ಎಲ್ಲರ ಕತ್ತು ನಮ್ಮ ಕಡೆ ತಿರುಗಿತು. ಅಜ್ಜ ತಂಬಾಕು ಉಗುಳಲು ಹೋಗುವವನಂತೆ ಎದ್ದು ಹೊರಗೆ ಹೋದವನು ಪೂಜೆ ಮುಗಿಯುವವರೆಗೂ ಒಳಗೆ ಬರಲಿಲ್ಲ. ಊರ ಕಟ್ಟೆಯ ಮೇಲಿನ ಗೆಳೆಯರದ್ದು ಬೇರೆ ರಾಗ. "ಸಾವ್ಕಾರನ ಕಾಲು ಹೆಂಗದಾವೋ ಬಸ್ತ್ಯಾಂವಾ, ಬೆಣ್ಣಿಯಂಗ ಮೆತ್ತಗದಾವೇನು?" ಎಂದು ಕಾಡಿದರೆ, "ಬಿರುಕು ಬಿಟ್ಟಾವು, ನಿನ್ನ ಕಾಲಿನಂಗ" ಎನ್ನುತ್ತಿದ್ದ. ಹೊಗಳಿಕೆಯನ್ನೂ ಒಪ್ಪಲಿಲ್ಲ, ಅಣಕಕ್ಕೂ ಸಿಟ್ಟಾಗಲಿಲ್ಲ. ಆದರೆ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅವನ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಮಗ ತನ್ನನ್ನು ಹೇಡಿ ಎಂದುಕೊಂಡು ದೂರವಿದ್ದಾನೆ ಎಂಬುದು ಅವನನ್ನು ದಿನದಿನಕ್ಕೆ ಸಣ್ಣಗೆ ಮಾಡುತ್ತಿತ್ತು. ತಾನು ಮಾಡಿದ್ದು ಯೇಸುವಿಗಾಗಿ ಎಂದು ಅಜ್ಜ ಹೇಳಿ ಕಳಿಸಿದ್ದರೆ ಕಾಕಾ ಬರುತ್ತಿದ್ದನೇನೋ. ಅವ್ವ ಹಾಗೆ ಹೇಳಿಸಲು ಬಹಳ ಒದ್ದಾಡಿದಳು. ಅಜ್ಜ ಹೇಳಿ ಕಳಿಸಲಿಲ್ಲ.

ಮುಂದಿನ ಪವಿತ್ರ ಗುರುವಾರ ಕಾಕಾ ತಾನಾಗಿಯೇ ಬಂದ. ಕತ್ತಲಾಗುವ ಮೊದಲು ಹಿತ್ತಲ ಬಾಗಿಲಿನಲ್ಲಿ ಕಾಣಿಸಿಕೊಂಡ, ಬೂಟು ಹಾಕಿಕೊಂಡೇ. ಅಜ್ಜ ಅವ್ವನ ಕಾಲು ತೊಳೆದು ಒರೆಸುತ್ತಿದ್ದ. ತಲೆಯೆತ್ತಿ ನೋಡಿ, ಬೋಗುಣಿಗೆ ಹೊಸ ನೀರು ಹಾಕಿ, "ಬಾ" ಎಂದ. ಕಾಕಾ ಕದಲಲಿಲ್ಲ.

"ಮದಲ ಒಂದ ಮಾತು ಹೇಳು" ಎಂದ. "ಅವತ್ತ ನಿನಗ ಹೆದರಿಕಿ ಆಗಿತ್ತೇನು?"

ಅವ್ವ ಅಜ್ಜನತ್ತ ನೋಡಿದ ರೀತಿ ನನಗೆ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಇಲ್ಲ ಎಂದುಬಿಡಿ, ಒಂದೇ ಮಾತು, ಮಗ ಮನೆಗೆ ಬರುತ್ತಾನೆ ಎಂದು ಬೇಡುವ ನೋಟ ಅದು.

"ಹೆದರಿದ್ದೆ" ಎಂದ ಅಜ್ಜ. ಮತ್ತೆ ಹೇಳಿದ, "ಯೇಸುಸ್ವಾಮಿ ನೆನಪಾಗಿದ್ದೂ ಖರೆ. ಯಾವುದು ಮದಲ ಬಂತು ನನಗ ತಿಳೀವಲ್ದು, ಮಗಾ. ಸುಳ್ಳ ಹೆಂಗ ಹೇಳ್ಲಿ?"

ಆಮೇಲೆ ಏನಾಯಿತು ಎನ್ನುವುದರಲ್ಲಿ ನಮ್ಮ ಮೂವರ ಮಾತು ಕೂಡುವುದಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ಕಾಲು ಕೊಟ್ಟ, ಅಪ್ಪ ಮಗ ಇಬ್ಬರೂ ಅತ್ತರು ಎನ್ನುತ್ತಾಳೆ ಅವ್ವ. ಅವನು ಒಂದು ಬೂಟಿನ ದಾರ ಬಿಚ್ಚಿ ಅಷ್ಟಕ್ಕೇ ನಿಂತ ಹಾಗೆ ನನಗೆ ಕಾಣುತ್ತದೆ. ಹೋದ ವರ್ಷ ರಾಮನಗರದಲ್ಲಿ ಕಾಕಾನನ್ನೇ ಕೇಳಿದೆ. ಈಗ ಅವನದೇ ಟೈರ್ ಅಂಗಡಿ, ಕೂದಲೆಲ್ಲ ನೆರೆತಿದೆ, ಗಾಳಿ ತುಂಬುವ ಯಂತ್ರದ ಸದ್ದಿನಲ್ಲಿ ಗಟ್ಟಿಯಾಗಿ ಮಾತಾಡುತ್ತಾನೆ. "ಎಲ್ಲಿ ಕುಂತೆ? ಬಸ್ ಹಿಡದ ಹೊಂಟೆ" ಎಂದ. ಆಮೇಲೆ, ಕೈಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳುತ್ತ, "ಬರೀತಿಯೇನು ಇದನ್ನ? ಬರಿ. ಆದ್ರ ಅಂವ ದೊಡ್ಡಾಂವ ಅಂತ ಬರೀಬ್ಯಾಡ. ಸಿಟ್ಟಿಗೇಳ್ತಾನ" ಎಂದ.

ಅಜ್ಜ ಆ ಗುರುವಾರದ ನಂತರದ ಮಳೆಗಾಲದಲ್ಲೇ ತೀರಿಕೊಂಡ. ನಾವು ಹಳಿಯಾಳಕ್ಕೆ ಬಂದೆವು. ಜನರಿಲ್ಲದ ಮನೆಯ ಗೋಡೆಗಳನ್ನು ಮಳೆ ಕರಗಿಸಿತು, ಹೆಂಚುಗಳನ್ನು ಯಾರೋ ಒಯ್ದರು. ಈಗ ಹೋದರೆ ತಳಪಾಯದ ಕಲ್ಲುಗಳ ನಡುವೆ ಸಾಗವಾನಿ ಸಸಿಗಳು ಎದ್ದಿವೆ, ಅಡುಗೆಮನೆ ಎಲ್ಲಿತ್ತೆಂದು ತೋರಿಸಲು ನಾನೇ ತಡವರಿಸುತ್ತೇನೆ. ಅಜ್ಜನದು ದೀನತೆಯೋ, ತಲೆಮಾರುಗಳ ಹೆದರಿಕೆಯೋ ಎಂದು ಓದಿದ ತಲೆಯಿಂದ ಎಷ್ಟೋ ಸಲ ಅಳೆದಿದ್ದೇನೆ. ತೀರ್ಪು ಸಿಕ್ಕಿಲ್ಲ. ಆದರೆ ಆ ಸಂಜೆಯ ಬಗ್ಗೆ ಅವ್ವ, ಕಾಕಾ, ನಾನು ಮೂವರೂ ಒಪ್ಪುವ ಮಾತು ಒಂದಿದೆ, ಅದು "ಹೆದರಿದ್ದೆ" ಎಂಬುದು. ತಮ್ಮವರನ್ನು ದೊಡ್ಡವರನ್ನಾಗಿ ಮಾಡಲು ಹೊರಟವರು ಅಂಥ ಮಾತನ್ನು ಅವರ ಬಾಯಲ್ಲಿ ಇಡುವುದಿಲ್ಲ. ಅದಕ್ಕೇ ಅದನ್ನು ನಂಬುತ್ತೇನೆ. ಮಗನನ್ನು ಮರಳಿ ಪಡೆಯುವ ಒಂದು ಸುಳ್ಳು ಬಾಯಂಚಿನಲ್ಲಿದ್ದಾಗ ಅವನು ಅದನ್ನು ಆಡಲಿಲ್ಲ. ಬೋಗುಣಿಯ ಮುಂದೆ ಮಂಡಿಯೂರಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಾಕಾನ ಬೂಟುಗಳನ್ನೇ ನೋಡುತ್ತ ಕಾಯುತ್ತಿದ್ದ.